ಬಳೆ ತೊಟ್ಟ ಜಗ್ಗು

ಚೆನ್ನೈನ ಗಿಂಡಿ ಬಡಾವಣೆಯಲ್ಲಿರುವ ನನ್ನ ಪಾತ್ರೆ ಅಂಗಡಿಯ ಟಿವಿಯಲ್ಲಿ ಸ್ಟೀಲ್ ಜಗ್ಗೊಂದು ಗಿರಗಿರ ತಿರುಗಬೇಕೆಂದು ಆಸೆಪಟ್ಟೆ. ಎದುರಂಗಡಿಯವನ ಟಿವಿಯಲ್ಲಿ ಕುಕ್ಕರ್ ತಿರುಗುತ್ತಿತ್ತು, ಅಷ್ಟೇ ಕಾರಣ.

ಡಿಸೈನರ್ ವನಜಾ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಕೂತಳು. ಜಗ್ಗಿನ ಒಂದು ಪಕ್ಕದ ಅಂಚನ್ನು ಮಾತ್ರ ಗೆರೆಯಲ್ಲಿ ಬರೆದು, ಹಿಡಿಯನ್ನೂ ಸೇರಿಸಿ, ಗೆರೆಯನ್ನು ಸುತ್ತ ತಿರುಗಿಸಿ ಪಾತ್ರೆಯಾಗಿಸುವ ಬಟನ್ ಒತ್ತಿದಳು. ಗೆರೆ ಒಂದು ಸುತ್ತು ಹೊಡೆದು ಜಗ್ಗಾಯಿತು. ಹಿಡಿಯೂ ಜೊತೆಗೇ ಸುತ್ತು ಹೊಡೆದು, ಜಗ್ಗಿನ ಹೊಟ್ಟೆಗೆ ದಪ್ಪ ಬಳೆಯಾಗಿ ಕೂತಿತು.

"ಏನಮ್ಮಾ, ಜಗ್ಗಿಗೆ ಸೀಮಂತವೇ?"

"ಅಯ್ಯೋ ಸಾರ್, ಹಿಡಿ ತನಿಯಾ ಬರೀಬೇಕಿತ್ತು, ಬೇರೆಯಾಗಿ. ಒಂದು ನಿಮಿಷ."

ಅಷ್ಟರಲ್ಲಿ ಪೆರುಂಗುಡಿಯಲ್ಲಿ ಕ್ಯಾಂಟೀನ್ ನಡೆಸುವ ಸೆಲ್ವಂ ಒಳಗೆ ನುಗ್ಗಿದ. "ನಿಮ್ಮ ಜಗ್ಗು ಸಿಂಕಿನಲ್ಲಿದೆ, ಅದರ ಹಿಡಿ ನನ್ನ ಕೈಯಲ್ಲಿದೆ ಅಣ್ಣೇ! ಈ ಸಲದ ಆರ್ಡರ್ ಎದುರಂಗಡಿಗೇ" ಎಂದು ತಮಿಳಿನಲ್ಲಿ ಗುಡುಗಿದವನು ಟಿವಿ ನೋಡಿ ನಿಂತ. "ಅದೇನದು?"

ವನಜಾ ಬಾಯಿ ತೆರೆಯುವ ಮೊದಲೇ ನಾನೆಂದೆ: "ನಿನ್ನಂಥವರಿಗೇ ಹೇಳಿಮಾಡಿಸಿದ್ದು. ಕಿತ್ತುಬರುವ ಮಾತೇ ಇಲ್ಲ. ಬೇಕಾದರೆ ಮಾಡಿಸಿಕೊಡುತ್ತೇನೆ."

ಸೆಲ್ವಂ ಎರಡೂ ಕೈ ಅಗಲಿಸಿ ಅಳೆದು ನೋಡಿದ. "ಇದನ್ನಿಡೋಕೆ ಇನ್ನೊಂದು ಅಡುಗೆಮನೆ ಬೇಕು. ಸಾಂಬಾರು ಸುರಿದರೆ ಎಲ್ಲ ಬಳೆ ಮೇಲೇ ಬೀಳುತ್ತೆ. ಬೇಡಪ್ಪಾ ಸಾಮಿ, ಹಳೇ ಥರದ್ದೇ ಕೊಡಿ. ಹಿಡಿಗೆ ಮಾತ್ರ ಗಟ್ಟಿಯಾಗಿ ವೆಲ್ಡ್ ಹಾಕಿಸಿ."

ಹಾಕಿಸಿಕೊಟ್ಟೆ. ವನಜಾ ಆಮೇಲೆ ಸರಿಯಾದ ಜಗ್ಗನ್ನೂ ಮಾಡಿಕೊಟ್ಟಳು, ಬಹಳ ಚೆನ್ನಾಗಿದೆ. ಟಿವಿಯಲ್ಲಿ ಮಾತ್ರ ಇವತ್ತಿಗೂ ಆ ಬಸುರಿ ಜಗ್ಗೇ ತಿರುಗುತ್ತಿದೆ. ಅದನ್ನು ನೋಡಿದವರು ಕಪಾಟಿನಲ್ಲಿರುವುದರ ಬಗ್ಗೆ ತಕರಾರು ತೆಗೆಯುವುದಿಲ್ಲ.