ತಿಮ್ಮಕ್ಕ ಗೇಟು ಹಾಕಿದ ಹನ್ನೊಂದು ನಿಮಿಷ

ಅಜ್ಜಂಪುರ ಸ್ಟೇಷನ್ನಿಂದ ಬೀರೂರಿನ ಕಡೆಗೆ ಒಂದು ಮೈಲಿ ಬಂದರೆ ಒಂದು ರೈಲ್ವೆ ಗೇಟು, ಅದರ ಪಕ್ಕ ನಮ್ಮ ಹೊಲ. ಗೇಟು ಹಾಕಿ ತೆಗೆಯುವ ಕೆಲಸ ತಿಮ್ಮಕ್ಕನದು. ಗಂಡ ಈರಪ್ಪ ಹಳಿ ರಿಪೇರಿ ಗ್ಯಾಂಗಿನಲ್ಲಿದ್ದವನು, ಹಾವು ಕಚ್ಚಿ ಹೋದ. ಅವನ ಬದಲು ಇವಳಿಗೆ ಕೆಲಸ ಕೊಟ್ಟರು. ಎಪ್ಪತ್ತೈದನೇ ಇಸವಿಯಲ್ಲಿ ಹೆಂಗಸು ಗೇಟು ಕಾಯುವುದೆಂದರೆ ಜನಕ್ಕೆ ನಗು.

"ರೈಲು ಬಂದ್ರೆ ಸೆರಗು ಬೀಸ್ತೀಯೇನೇ ತಿಮ್ಮಕ್ಕಾ?" ಅಂತ ಗಾಡಿ ಹೊಡೆಯುವ ಚಿಕ್ಕಬೀರಪ್ಪ ಕೇಳುವನು.

"ನಿನ್ನ ಎತ್ತಿಗೆ ಕೆಂಪು ಬಾವುಟ ಬೀಸ್ತೀನಿ, ಬಾರೋ" ಅನ್ನುವಳು.

ಅವಳಿಗೆ ಅಕ್ಷರ ಬರದು, ಅಂಕಿ ಬರುತ್ತಿತ್ತು. ಸ್ಟೇಷನ್ ಮಾಸ್ಟರು ಫೋನಿನಲ್ಲಿ ಒಂದು ನಂಬರು ಹೇಳಬೇಕು. ಇವಳು ಕೈಚಕ್ರ ತಿರುಗಿಸಿ ಎರಡೂ ಕಡೆ ತೊಲೆ ಇಳಿಸಿ, ಬೀಗ ಹಾಕಿ, ತನ್ನ ನಂಬರು ಹೇಳಬೇಕು. ಇವಳ ನಂಬರು ಬಾರದೆ ರೈಲು ಅಲ್ಲಾಡುವ ಹಾಗಿಲ್ಲ. ಬೀಗ ಬಿದ್ದ ಮೇಲೆ ಎಂಥವರು ಬಂದರೂ ತೆಗೆಯಳು. ಒಂದು ಸಲ ತಾಲೂಕಿನ ಅಮಲ್ದಾರರ ಜೀಪನ್ನೇ ಇಪ್ಪತ್ತು ನಿಮಿಷ ನಿಲ್ಲಿಸಿದಳು. "ನೀವು ಅಮಲ್ದಾರ್ರು ಅಂತ ರೈಲಿಗೆ ಗೊತ್ತಿಲ್ಲ ಸ್ವಾಮಿ" ಅಂದುಬಿಟ್ಟಳು!

ಅಂಥ ಗೇಟೇ ಎಪ್ಪತ್ತೊಂಬತ್ತರಲ್ಲಿ ಒಂದು ಮಗುವಿಗೆ ಬೋನಾಯಿತು. ಹಳಿಯಾಚೆ ಹಳ್ಳಿಯ ಕಲ್ಲೇಶಪ್ಪನ ಮಗಳು ಪ್ರೇಮ. ಹದಿಮೂರು ವರ್ಷ. ಇನ್ನಿಬ್ಬರು ಹುಡುಗಿಯರ ಜೊತೆ ಅಜ್ಜಂಪುರದ ಹೈಸ್ಕೂಲಿಗೆ ನಡೆದು ಹೋಗಿ ಬರುತ್ತಿದ್ದಳು. ಸಾಯಂಕಾಲದ ಪ್ಯಾಸೆಂಜರಿಗೆ ಗೇಟು ಬಿದ್ದರೆ ಮಕ್ಕಳು ನಿಂತುಕೊಳ್ಳಲೇಬೇಕು. ಆ ಹೊತ್ತು ನೋಡಿಯೇ ಹತ್ತಿ ಮಿಲ್ಲಿನವರ ಮಗ ಷಡಕ್ಷರಿ ಹೊಸ ಮೋಟರ್ ಸೈಕಲ್ಲಿನಲ್ಲಿ ಬರುವನು. ಮಕ್ಕಳ ಸುತ್ತ ಗಾಡಿ ಸುತ್ತಿಸುವನು, ಬಾಯಿಗೆ ಬಂದದ್ದು ಆಡುವನು, ಪ್ರೇಮಳ ಜಡೆ ಎಳೆಯುವನು. ಗಾಡಿಯವರೆಲ್ಲ ಎತ್ತಿನ ಕೊಂಬು ನೋಡುತ್ತ ಕೂರುವರು. ಅವರ ಹತ್ತಿ ಹೋಗುವುದು ಆ ಮಿಲ್ಲಿಗೇ ತಾನೆ?

ತಿಮ್ಮಕ್ಕ ಬಯ್ದಳು, ಅವನು ನಕ್ಕ. ಮಕ್ಕಳನ್ನು ಗೇಟಿನ ಪಕ್ಕದ ತನ್ನ ಕಾವಲು ಗೂಡಿನೊಳಗೆ ಕೂರಿಸಿದಳು, ಅವನು ಕಿಟಕಿಗೇ ಬಂದ. ಮಾತು ಕಲ್ಲೇಶಪ್ಪನ ಕಿವಿಗೆ ಬಿತ್ತು.

"ಶುಕ್ರವಾರಕ್ಕೆ ಸ್ಕೂಲು ಸಾಕು" ಅಂದ ಅವನು. "ಅವಳ ಸೋದರಮಾವ ಇದ್ದಾನೆ, ಕೊಟ್ಬಿಡ್ತೀನಿ. ಮಾನ ಹೋದ್ಮೇಲೆ ಓದು ತಗೊಂಡು ಏನ್ಮಾಡಾದು?"

ಪ್ರೇಮ ಗೂಡಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗುರುವಾರ ತಿಮ್ಮಕ್ಕ ಡ್ಯೂಟಿ ಇಳಿದವಳೇ ಪೊಲೀಸ್ ಠಾಣೆಗೆ ನಡೆದಳು. ಹೊಸದಾಗಿ ಬಂದಿದ್ದ ಎಸ್ಐ ಸೋಮಶೇಖರಪ್ಪನವರ ಮುಂದೆ ನಿಂತು ಕೇಳಿದಳು.

"ದನ ಹಳಿ ಮೇಲೆ ಬಂದ್ರೆ ಅದರ ಯಜಮಾನನಿಗೆ ಕಾನೂನೈತೆ. ನಮ್ಮ ಮಗೀಗೆ ಒಂದು ಕಾನೂನಿಲ್ವಾ ಸ್ವಾಮಿ?"

"ಇದೆ ಕಣಮ್ಮ. ಮೈಮೇಲೆ ಕೈ ಹಾಕಿದ್ರೆ ಸೆಕ್ಷನ್ ಮುನ್ನೂರ ಐವತ್ನಾಲ್ಕು. ಕೆಟ್ಟ ಮಾತಾಡಿದ್ರೆ ಐನೂರ ಒಂಬತ್ತು. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡಿದ್ರೆ ಅವಳಪ್ಪನ ಮೇಲೂ ಕೇಸಾಗುತ್ತೆ, ಆ ಕಾನೂನು ಹೋದ ವರ್ಷವೇ ಬಂತು. ಆದ್ರೆ ಆ ಮಿಲ್ಲಿನೋರ ಮೇಲೆ ಬಾಯಿ ಬಿಡೋರು ಯಾರು? ಮಗು ಕಡೆಯೋರು ಬಂದು ದೂರು ಕೊಡ್ಲಿ, ನಾನಿದೀನಿ."

ಮುನ್ನೂರ ಐವತ್ನಾಲ್ಕು, ಐನೂರ ಒಂಬತ್ತು, ಹದಿನೆಂಟು. ರೈಲಿನ ನಂಬರಿನ ಹಾಗೆ ಬಾಯಿಪಾಠ ಮಾಡುತ್ತ ವಾಪಸ್ಸು ಬಂದಳು.

ಶುಕ್ರವಾರ ಪ್ಯಾಸೆಂಜರು ದಾಟಿತು, ತೊಲೆ ಮೇಲಕ್ಕೆದ್ದಿತು. ಮಗಳನ್ನು ಕರೆದೊಯ್ಯಲು ಕಲ್ಲೇಶಪ್ಪನೇ ಗಾಡಿ ಕಟ್ಟಿಕೊಂಡು ಬಂದು ಆಚೆ ಬದಿಯಲ್ಲಿ ನಿಂತಿದ್ದ. ಹುಡುಗಿಯರು ಹಳಿ ದಾಟುತ್ತಿದ್ದರು. ಹಿಂದಿನಿಂದ ಭರ್ರಂತ ಷಡಕ್ಷರಿ ಬಂದವನೇ ಪ್ರೇಮಳ ಬ್ಯಾಗು ಕಿತ್ತು ಹ್ಯಾಂಡಲ್ಲಿಗೆ ನೇತುಹಾಕಿಕೊಂಡ. "ಬಾ, ಬಂದು ತಗೋ!" ಅಂದ.

ಮಕ್ಕಳು ಕಿರುಚಿಕೊಂಡು ಗೂಡಿಗೆ ಓಡಿದರು. ಅದೆಲ್ಲಿತ್ತೋ ಆ ಶಕ್ತಿ! ತಿಮ್ಮಕ್ಕ ಚಕ್ರ ಹಿಡಿದು ಗರಗರ ತಿರುಗಿಸಿದಳು. ಎರಡೂ ತೊಲೆ ಧಡಾರನೆ ಬಿದ್ದವು. ಮೋಟರ್ ಸೈಕಲ್ಲು ಹಳಿಯ ಮೇಲೆ, ಆಚೆಗೂ ಬೀಗ, ಈಚೆಗೂ ಬೀಗ. ಅವನೊಬ್ಬನೇ ಆದರೆ ನುಸುಳಬಹುದಿತ್ತು. ಹೊಸ ಗಾಡಿ ಹಳಿ ಮೇಲೆ ಬಿಟ್ಟು ಹೇಗೆ ಹೋದಾನು?

ತಿಮ್ಮಕ್ಕ ಫೋನು ತಿರುವಿದಳು. "ಮಾಸ್ಟ್ರೇ, ಗೇಟೊಳಗೆ ಮೋಟರ್ ಸೈಕಲ್ ಸಿಕ್ಕೊಂಡೈತೆ. ಗೂಡ್ಸು ಬಿಡಬ್ಯಾಡಿ. ಎಸ್ಐ ಸಾಹೇಬ್ರನ್ನ ಕಳ್ಸಿ. ಅವರು ಬರೋಗಂಟ ನನ್ನ ನಂಬರು ಕೊಡಾಕಿಲ್ಲ!"

ಗಾಡಿಗಳು, ಸೈಕಲ್ಲುಗಳು, ತಲೆ ಮೇಲೆ ಹೊರೆ ಹೊತ್ತವರು, ಎರಡೂ ಬದಿ ಜನವೋ ಜನ.

"ತೆಗಿಯೇ ಗೇಟು! ನಾನು ಯಾರ ಮಗ ಗೊತ್ತಾ?" ಷಡಕ್ಷರಿ ಅರಚಿದ.

"ರೈಲಿಗೆ ಗೊತ್ತಿಲ್ಲಪ್ಪಾ. ನನಗೆ ಗೊತ್ತಿರಾದು ಮುನ್ನೂರ ಐವತ್ನಾಲ್ಕು!"

"ಅದ್ಯಾವ ಗಾಡಿ ತಿಮ್ಮಕ್ಕಾ?" ಚಿಕ್ಕಬೀರಪ್ಪ ಕೂಗಿದ.

"ಇವನ್ನ ಹತ್ತಿಸ್ಕೊಂಡು ಹೋಗೋ ಗಾಡಿ ಕಣೋ!"

ಜನ ಘೊಳ್ಳೆಂದು ನಕ್ಕರು. ಅಷ್ಟು ದಿನದ ಹೆದರಿಕೆ ಆ ನಗುವಿನಲ್ಲೇ ಹಾರಿಹೋಯಿತು ನೋಡಿ. ಅಷ್ಟರಲ್ಲಿ ಎಸ್ಐ ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತ ಬಂದರು.

"ದೂರು ಯಾರದು?"

ಕಲ್ಲೇಶಪ್ಪ ನೆಲ ನೋಡುತ್ತಿದ್ದ. ಗೂಡಿನ ಬಾಗಿಲಲ್ಲಿ ಪ್ರೇಮ ಬಂದು ನಿಂತಳು. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

"ಅದು ನನ್ನ ಬ್ಯಾಗು ಸಾರ್. ದಿನಾ ನನ್ನ ಜಡೆ ಎಳೀತಾನೆ. ನಾನು ಸ್ಕೂಲು ಬಿಡಲ್ಲ."

ಕಲ್ಲೇಶಪ್ಪ ತಲೆಯೆತ್ತಿ ಮಗಳನ್ನು ನೋಡಿದ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ತೊಲೆಯ ಕೆಳಗೆ ನುಸುಳಿ ಬಂದ. "ನನ್ನ ಮಗಳು ಸ್ವಾಮಿ. ಎಲ್ಲಿ ಹೆಬ್ಬೆಟ್ಟು ಒತ್ಲಿ?"

"ನಾನೂ ನೋಡಿವ್ನಿ" ಅಂದ ಚಿಕ್ಕಬೀರಪ್ಪ. "ಇಷ್ಟು ದಿನ ಎತ್ತಿನ ಕೊಂಬು ನೋಡ್ದಂಗೆ ನಟನೆ ಮಾಡ್ದೆ, ಅಷ್ಟೇ."

ಕೇಸು ತರೀಕೆರೆ ಕೋರ್ಟಿಗೆ ಹೋಗಿ, ಷಡಕ್ಷರಿಗೆ ಶಿಕ್ಷೆಯಾಗಲು ಎರಡು ವರ್ಷ ಹಿಡಿಯಿತು. ತಿಮ್ಮಕ್ಕನಿಗೆ ಮಾತ್ರ ಸೋಮವಾರ ಬೆಳಿಗ್ಗೆಯೇ ರೈಲ್ವೆಯಿಂದ ಕಾಗದ ಬಂತು. ಓದಿದವಳು ಪ್ರೇಮ, ಸ್ಕೂಲಿಗೆ ಹೋಗುವ ದಾರಿಯಲ್ಲಿ.

"ಗೂಡ್ಸು ಗಾಡಿಯನ್ನು ಹನ್ನೊಂದು ನಿಮಿಷ ತಡ ಮಾಡಿದ್ದಕ್ಕೆ ಕಾರಣ ತಿಳಿಸಿ ಅಂತ ಐತೆ ತಿಮ್ಮಕ್ಕಾ."

"ಬರೀ ಹನ್ನೊಂದಾ? ಅಮಲ್ದಾರ್ರಿಗೆ ಇಪ್ಪತ್ತು ಕೊಟ್ಟಿದ್ದೆ ಕಣೇ! ತೆಗಿ ಪೆನ್ನು. ಕಾರಣ ನಾನು ಹೇಳ್ತೀನಿ, ನೀನು ಬರಿ."