ಹದಿನೇಳನೇ ಪುಟದ ಶಿಕ್ಕಾ

ವಾಟ್ಸಾಪಿನಲ್ಲಿ ಬಂದ ಔಷಧಿ ಹಿಡಿದುಕೊಂಡು ಯಾರಾದರೂ ನನ್ನ ಟೇಬಲ್ಲಿನ ಮುಂದೆ ನಿಂತರೆ ಮೈ ಉರಿಯುತ್ತದೆ. ಬೆಟಗೇರಿಯ ನಮ್ಮ ಗ್ರಂಥಾಲಯಕ್ಕೆ ಜನ ಪೇಪರ್ ಓದಲು ಬರುತ್ತಾರೆ, ಹೋಗುವಾಗ ತಮ್ಮ ಬೇನೆ ಹೇಳಿ ಪುಸ್ತಕ ಕೇಳುತ್ತಾರೆ. ಬರೆದವರು ಯಾರು, ಏನು ಮಾರುತ್ತಿದ್ದಾರೆ, ಡಾಕ್ಟರು ಕೊಟ್ಟದ್ದನ್ನು ಬಿಡು ಅನ್ನುತ್ತಾರೇನು, ಮೊದಲು ಅದನ್ನು ನೋಡಿ ಅಂತ ಹೇಳಿ ಹೇಳಿ ನನ್ನ ಗಂಟಲು ಬಿದ್ದಿದೆ.

ಆ ದಿನ ಬಂದವಳು ನೇಕಾರರ ಓಣಿಯ ಹೆಂಗಸು. ಆಕೆಯ ಗಂಡ ಮಗ್ಗ ಬಿಟ್ಟು ಈಗ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ದಿನಾ ಬೆಳಿಗ್ಗೆ ನಮ್ಮಲ್ಲಿ ಪೇಪರ್ ಓದುವವರು. ಆಕೆ ಮೊಬೈಲು ಮುಂದೆ ಹಿಡಿದಳು.

"ಅಕ್ಕಾರ, ಇದು ಖರೇ ಏನ್ರಿ? ಮುಂಡರಗಿಯಿಂದ ನಮ್ಮ ನಾದಿನಿ ಕಳಿಸ್ಯಾಳ. ಇದನ್ನ ನೋಡಿ ನಮ್ಮ ಮನಿಯವ್ರು ಬಿಪಿ ಗುಳಗಿ ಬಿಟ್ಟು ಹದಿನೈದ ದಿನಾ ಆತು. ತಲಿ ಭಾರ ಅಂತಾರ, ಆದ್ರೂ ನುಂಗವಲ್ರು."

"ವಾಟ್ಸಾಪಿನ್ಯಾಗ ಬಂದದ್ದೆಲ್ಲಾ ಖರೇ ಅಂತ ಯಾರ್ ಹೇಳಿದ್ರು ನಿಮಗ?" ಎಂದು ಹರಿಹಾಯ್ದೆ.

ಆಕೆ ಅಂಜಲಿಲ್ಲ. "ವಾಟ್ಸಾಪಿಂದಲ್ರಿ. ನಿಮ್ಮ ಪುಸ್ತಕದ್ದ ಐತಿ. ಶಿಕ್ಕಾ ನೋಡ್ರಿ."

ನೋಡಿದೆ. ಪುಸ್ತಕದ ಪುಟವೊಂದರ ಫೋಟೊ. ಬೆಳ್ಳುಳ್ಳಿ ಕಷಾಯ ಶುರು ಮಾಡಿದ ದಿನದಿಂದ ಬಿಪಿ ಗುಳಿಗೆ ಪೂರ್ತಿ ಬಿಡಬೇಕು ಎಂಬ ಸಾಲು, ಅದರ ಪಕ್ಕದಲ್ಲೇ ನೇರಳೆ ಬಣ್ಣದ ನಮ್ಮ ಗ್ರಂಥಾಲಯದ ದುಂಡು ಮುದ್ರೆ.

ಪುಸ್ತಕ ಕದ್ದವರು ಮೊದಲ ಹಾಳೆ ಹರಿದುಹಾಕುತ್ತಾರೆ. ಅದಕ್ಕೇ ನಾವು ಒಳಗೆ ಗೊತ್ತು ಮಾಡಿಕೊಂಡ ಒಂದು ಪುಟಕ್ಕೂ ಶಿಕ್ಕಾ ಹೊಡೆಯುತ್ತೇವೆ. ನಮ್ಮಲ್ಲಿ ಅದು ಹದಿನೇಳು. ಕತೆಯಿರಲಿ, ಅಡುಗೆಯಿರಲಿ, ಹದಿನೇಳಕ್ಕೆ ಒಂದೇಟು. ಪುಸ್ತಕ ನಮ್ಮದು ಎಂದಷ್ಟೇ ಅದರ ಅರ್ಥ, ಒಳಗಿರುವುದು ನಿಜ ಎಂದಲ್ಲ. ಇದನ್ನು ಓದುಗರಿಗೆ ಯಾವತ್ತಾದರೂ ಹೇಳಿದ್ದೆವೇ? ಯಾರೋ ಪುಕ್ಕಟೆ ಕೊಟ್ಟ ಪುಸ್ತಕಗಳ ಗಂಟಿನಲ್ಲಿ ಇದು ಬಂದಿತ್ತು. ಮಧ್ಯಾಹ್ನ ಹರಟೆ ಹೊಡೆಯುತ್ತಾ ಸಾಲಾಗಿ ಶಿಕ್ಕಾ ಒತ್ತಿದ್ದು ನನ್ನ ಕೈಯೇ. ಈಗ ಯಾರ ಮೇಲೆ ಕೂಗಾಡಲಿ?

ಕಪಾಟಿನಲ್ಲಿದ್ದ ಬಿಪಿಯ ಕರಪತ್ರ ತೆಗೆದುಕೊಟ್ಟೆ. 'ಔಷಧೋಪಚಾರದ ಅನುಪಾಲನೆ ಅತ್ಯಾವಶ್ಯಕ' ಎಂದು ಶುರುವಾಗುತ್ತದೆ ಅದು. ಆಕೆ ಎರಡು ಸಲ ಓದಿ, ಮಡಚಿ, ವಾಪಸು ಇಟ್ಟಳು. ನನಗೆ ರೇಗಿಹೋಯಿತು. ಸುಳ್ಳು ಬರೆಯುವವನಿಗೆ ಮನೆಮಾತು ಬರುತ್ತದೆ, ನಿಜ ತಿಳಿದವರಿಗೆ 'ಗುಳಿಗೆ ಬಿಡಬೇಡಿ' ಅನ್ನಲು ಏನು ಧಾಡಿ!

"ಇದಕ್ಕ ಶಿಕ್ಕಾನೂ ಇಲ್ಲಲ್ರಿ," ಎಂದಳು ಆಕೆ. "ನೀವ ಒಂದ ಹಾಳಿ ಬರದು, ಶಿಕ್ಕಾ ಹೊಡದು ಕೊಡ್ರಿ. ಅವ್ರು ಕೇಳತಾರ."

ಕೈ ಶಿಕ್ಕಾದ ಕಡೆ ಹೋಯಿತು, ಸುಳ್ಳೇಕೆ ಹೇಳಲಿ. ಹಿಂದಕ್ಕೆ ತೆಗೆದೆ. ಎರಡು ಗಂಟೆ ಪರ್ಮಿಷನ್ ಹಾಕಿ ಆಕೆಯ ಜೊತೆ ಹೊರಟೆ.

ಆಕೆಯ ಗಂಡ ಅಂಗಡಿಗೆ ಹೋಗದೆ, ತಲೆಗೆ ಟವೆಲ್ಲು ಬಿಗಿದುಕೊಂಡು ಮನೆಯ ಕಟ್ಟೆಯ ಮೇಲೆ ಕೂತಿದ್ದರು. "ಬರ್ರಿ ಅಕ್ಕಾರ, ಕುಂಡ್ರಿ. ನಿಮ್ಮ ಪುಸ್ತಕಾ ಭಾಳ ಚಲೋ ಐತಿ," ಎಂದರು.

"ಅದನ್ನ ನಾ ಓದಿಲ್ರಿ," ಎಂದೆ. "ಶಿಕ್ಕಾ ನಾನ ಹೊಡದೀನಿ. ಒಂದ ಸಾಲೂ ಓದಿಲ್ಲ."

"ಓದಲಾರದ ಹೊಡದೀರೇನು?"

"ಹೌದ್ರಿ. ಪುಸ್ತಕ ಕಳವು ಆಗಬಾರ್ದಂತ ಹೊಡೀತೇವಿ, ಅಷ್ಟ. ಗುಳಗಿ ಮಾತು ಡಾಕ್ಟರು ಹೇಳಬೇಕು. ನಡೀರಿ, ಕೇಳೂಣು."

ಅವರು ತಲೆಯ ಟವೆಲ್ಲು ಬಿಚ್ಚಿ ಹೆಗಲಿಗೆ ಎಸೆದುಕೊಂಡರು. ಚಪ್ಪಲಿ ಮೆಟ್ಟಿದರು. ದಾರಿಯುದ್ದಕ್ಕೂ ನನ್ನಿಂದ ನಾಲ್ಕು ಹೆಜ್ಜೆ ಮುಂದೆಯೇ ನಡೆದರು.

ಆರೋಗ್ಯ ಕೇಂದ್ರದ ನರ್ಸು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ನೋಡಿದಳು, ಇನ್ನೊಮ್ಮೆ ತುಂಬಿದಳು. ಅವರನ್ನು ಮಂಚದ ಮೇಲೆ ಮಲಗಿಸಿ ಡಾಕ್ಟರನ್ನು ಕರೆತಂದಳು. ಡಾಕ್ಟರು ಗುಳಿಗೆ ಮತ್ತೆ ಶುರು ಮಾಡಿಸಿ, ಸಂಜೆತನಕ ಅಲ್ಲೇ ಇರಬೇಕೆಂದರು. ಡಾಕ್ಟರು ಆಚೆ ಹೋದದ್ದೇ ತಡ, ನರ್ಸು ಬಯ್ಯಲು ಹತ್ತಿದಳು.

"ಲಕ್ವಾ ಹೊಡದಿದ್ರ ಏನ್ ಮಾಡತಿದ್ರಿ? ಯಾರ್ ಹೇಳಿದ್ರು ನಿಮಗ ಗುಳಗಿ ಬಿಡಾಕ?"

ಅವರು ಮಲಗಿದಲ್ಲಿಂದಲೇ ನನ್ನ ಕಡೆ ಬೆರಳು ಮಾಡಿದರು. "ಇವ್ರನ್ನ ಕೇಳ್ರಿ."

ಎಲ್ಲ ಹೇಳಿದೆ, ಮೊಬೈಲಿನಲ್ಲಿದ್ದ ಪುಟ ತೋರಿಸಿದೆ. ಆ ಪುಸ್ತಕ ಇವತ್ತೇ ಕಪಾಟಿನಿಂದ ತೆಗೆಯುತ್ತೇನೆ, ಮೇಲಿನವರು ಏನಾದರೂ ಅಂದುಕೊಳ್ಳಲಿ ಎಂದೆ. ಬೈಸಿಕೊಳ್ಳಲು ತಯಾರಾಗಿ ನಿಂತೆ. ನರ್ಸು ಬಯ್ಯಲಿಲ್ಲ.

"ಪುಸ್ತಕಾ ತೆಗೀತೀರಿ, ಆತು. ಈ ಫೋಟೊ ಎಷ್ಟ ಮಂದಿ ಕಡೆ ಹೋಗೇತ್ರಿ?"

ಉತ್ತರ ಕೊಟ್ಟವಳು ಗಂಡನ ಕಾಲ ಹತ್ತಿರ ಕೂತಿದ್ದ ಹೆಂಡತಿ.

"ನಮ್ಮ ನಾದಿನಿಗೆ ಲಕ್ಷ್ಮೇಶ್ವರದಿಂದ ಬಂದಿತ್ತಂತ್ರಿ. ಆಕಿ ಮುಂಡರಗ್ಯಾಗ ಬಿಪಿ ಇದ್ದವ್ರಿಗೆಲ್ಲಾ ಹುಡುಕಿ ಹುಡುಕಿ ಕಳಿಸ್ಯಾಳ. ಪಾಪ, ಎಲ್ಲಾರಿಗೂ ಚಲೋ ಆಗ್ಲಿ ಅಂತ."