ಎಳೆಯ ಬಿದಿರಿನ ಲಾಠಿಗಳು

ಕಲ್ಯಾಣದ ನನ್ನ ಅತ್ತೆಮನೆಯ ಹಿತ್ತಿಲಲ್ಲಿ ಒಂದು ಬಿದಿರ ಮೆಳೆ ಇತ್ತು. ಒಳಗೆ ಟೊಳ್ಳಿಲ್ಲದ ಗಟ್ಟಿ ಬಿದಿರು. ಅದರ ಯಜಮಾನಿಕೆ ಪೂರ್ತಿ ಅತ್ತೆಯದು. ಬೇಸಿಗೆಯಲ್ಲಿ ಬುಡಕ್ಕೆ ಕೆರೆಯ ಗೋಡುಮಣ್ಣು ಹಾಕಿಸುವವರು ಅವರೇ. ಮೂರು ವರ್ಷ ತುಂಬಿದ ಗಳವನ್ನಷ್ಟೇ, ಕೊಯ್ದ ಜಾಗದಲ್ಲಿ ನೀರು ನಿಲ್ಲದಂತೆ ಕಡಿಸುವವರೂ ಅವರೇ. ಎಳೆಯದಕ್ಕೆ ಕೊಡಲಿ ತಾಕಿದರೆ ಅಂದು ಊಟ ಬಿಡುತ್ತಿದ್ದರು.

ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆ. ಊರಿನ ಎಷ್ಟೋ ಗಂಡಸರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು; ನನ್ನ ಗಂಡನೂ. ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ಒಂದು ಬೆಳಿಗ್ಗೆ ನಿಜಾಮರ ಕಡೆಯ ಐದಾರು ಜನ ಹಿತ್ತಿಲ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಮುಂದಿದ್ದವನು ಮೆಳೆಯನ್ನು ಒಂದು ಸುತ್ತು ಹಾಕಿ, "ಸಂಜೀ ಒಳಗ ನಲವತ್ತು ಲಾಠಿ ತಯ್ಯಾರ್ ಇರಬೇಕು. ಇಲ್ಲಂದ್ರ ಬೆಂಕಿ ಹಚ್ಚತೀವಿ. ಮೆಳೀಗಷ್ಟೇ ಅಲ್ಲ," ಎಂದ.

ಆ ಲಾಠಿಗಳು ಯಾರ ಮೇಲೆ ಬೀಳುತ್ತವೆಂದು ನಮಗೆ ಗೊತ್ತಿತ್ತು. ಹೋದ ವಾರವಷ್ಟೇ ತಲೆ ಒಡೆಸಿಕೊಂಡು ಬಂದ ಒಬ್ಬರಿಗೆ ನಾನೇ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದೆ.

"ಅತ್ತೀ, ಹೋದ ಮಳಿಗಾಲದಾಗ ಎದ್ದದ್ದೇ ಕಡಿಯೂಣ್ರಿ," ಎಂದೆ. "ಎಳೀದು ಒಣಗಿದ್ರ ಸೀಳತದ, ಹುಳ ಬೀಳತದ. ಏಟಿಗೆ ತಡಿಯಂಗಿಲ್ಲ."

"ಮೆಳೀನೇ ಸಾಯತದಲ್ಲೇ!"

"ಬಲತದ್ದು ಕೊಟ್ರ ಮಂದಿ ಸಾಯತಾರ್ರಿ."

ಅತ್ತೆ ಕಟ್ಟೆಯಿಂದ ಎದ್ದು, ತಾವೇ ಕೊಡಲಿ ತಂದರು.

ಮಧ್ಯಾಹ್ನದವರೆಗೆ ಹದಿನಾಲ್ಕು ಗಳ ಕಡಿದು, ಒಂದೊಂದನ್ನು ಮೂರು ಮೂರು ತುಂಡು ಮಾಡಿದೆವು. ಎಳೆಯ ಬಿದಿರಿನ ಮೈಮೇಲೆ ಬೂದಿಯಂಥ ಬಿಳಿ ಪುಡಿ ಇರುತ್ತದೆ. ಅದನ್ನು ಒದ್ದೆ ಗೋಣಿಯಿಂದ ತಿಕ್ಕಿ, ಮೇಲೆ ಔಡಲೆಣ್ಣೆ ಸವರಿದೆವು. ಗಳಕ್ಕೆ ಸುತ್ತಿಕೊಂಡ ಹಾಳೆಯ ಸಣ್ಣ ಮುಳ್ಳಿನಂಥ ಸುಂಕು ಚುಚ್ಚಿ ಅತ್ತೆಯ ಮುಂಗೈ ಕೆಂಪಾಗಿ ಊದಿತ್ತು.

ಸಂಜೆ ಅವರು ಬಂದಾಗ ಜೊತೆಗೆ ನಮ್ಮ ಓಣಿಯ ಟಾಂಗಾದವನೂ ಇದ್ದ. ಚಾಬೂಕಿನ ಹಿಡಿಗೆಂದು ವರ್ಷ ವರ್ಷ ನಮ್ಮಲ್ಲೇ ಬಿದಿರು ಆರಿಸಿ ಒಯ್ಯುತ್ತಿದ್ದವನು ಅವನು; ಎಳೆಯದು ಯಾವುದು, ಬಲಿತದ್ದು ಯಾವುದು ಎಂದು ಬಲ್ಲವನು. ಒಂದು ಲಾಠಿ ಎತ್ತಿಕೊಂಡು ಗೆಣ್ಣಿನ ಮೇಲೆ ಹೆಬ್ಬೆರಳು ಒತ್ತಿದ. ಬೆರಳಿಗೆ ಬಿಳಿ ಪುಡಿ ಹತ್ತಿತು. ಅವನು ನನ್ನ ಮುಖ ನೋಡಿದ.

"ಏನ್ ನೋಡಾಕತ್ತೀ?" ಎಂದು ಮುಂದಾಳು ಕೇಳಿದ.

ಟಾಂಗಾದವನು ಬೆರಳನ್ನು ಅಂಗಿಗೆ ಒರೆಸಿಕೊಂಡ. "ಮಾಲ್ ಛಲೋ ಅದ. ಕಟ್ಟ್ರಿ, ಹೊತ್ತಾತು."

ಮೂರು ದಿನದ ಮೇಲೆ ಅತ್ತೆ ನನ್ನನ್ನು ಹುಮನಾಬಾದಿನ ತವರಿಗೆ ಕಳಿಸಿದರು. ಸಿಕ್ಕಿದ್ದು ಅದೇ ಟಾಂಗಾ. ನಾನು ಗಂಟನ್ನು ಎದೆಗವಚಿಕೊಂಡು ಕೂತಿದ್ದೆ. ಅರ್ಧ ದಾರಿ ಕಳೆದ ಮೇಲೆ ಅವನು ಕುದುರೆಯ ಕಡೆ ಮುಖ ಇಟ್ಟುಕೊಂಡೇ ಅಂದ: "ಅಕ್ಕಾ, ಗೆಣ್ಣಿನ ಸಂದಿ ಒರಸೂದು ಮರತಿದ್ರಿ ನೋಡ್ರಿ."

"ಮತ್ತ ಯಾಕ ಹೇಳಲಿಲ್ಲ?"

"ಮೊದಲನೇ ಲಾಠಿ ನನ್ನ ಕೈಯಾಗೇ ಕೊಟ್ಟಾರ್ರಿ. ಯಾರಿಗೆ ಹೊಡೀಲಿ ನಾ? ಎಲ್ಲಾರೂ ನನ್ನ ಗಾಡ್ಯಾಗ ಕುಂತ ಮಂದೀನೇ."

ಲಾಠಿಗಳು ಹದಿನೈದು ದಿನಕ್ಕೇ ಬಿರುಕು ಬಿಟ್ಟವಂತೆ. ಅಷ್ಟರಲ್ಲಿ ಆ ಗುಂಪು ಬೇರೆ ಕಡೆ ಹೋಗಿತ್ತು. ಆಳ್ವಿಕೆ ಬದಲಾದ ಮೇಲೆ ನನ್ನ ಗಂಡ ಮರಳಿದರು, ನಾನೂ ಕಲ್ಯಾಣಕ್ಕೆ ಬಂದೆ. ಆ ಮಳೆಗಾಲ ಮೆಳೆಯಲ್ಲಿ ಎದ್ದದ್ದು ಬೆರಳು ಗಾತ್ರದ ಮೂರೇ ಮೊಳಕೆ. ಅತ್ತೆ ಬುಡಕ್ಕೆ ಮಣ್ಣು ಏರಿಸಿ, ಸುತ್ತ ಜಾಲಿಮುಳ್ಳು ಕಟ್ಟಿ ಕಾದರು. ನನ್ನನ್ನು ಬೈಯಲಿಲ್ಲ.

ಮುಂದಿನ ಆಷಾಢದಲ್ಲಿ ಒಂದು ಬೆಳಿಗ್ಗೆ, "ಲಗೂನ ಬಾ ಇಲ್ಲಿ," ಎಂದು ಕೂಗಿದರು. ತೋಳಿನಷ್ಟು ದಪ್ಪನೆಯ ಮೊಳಕೆ ನೆಲ ಸೀಳಿಕೊಂಡು ಬಂದಿತ್ತು. ನನಗಾಗ ಏಳು ತಿಂಗಳು. ಬಗ್ಗಲಾಗದೆ ನಿಂತೇ ನೋಡಿದೆ.